ಸಿಎ ಫೈನಲ್: ನಾಲ್ಕನೇ ಸಲ, ನಾಲ್ಕು ಮಾರ್ಕಿಗೆ ಹೋಯ್ತು. ಜನವರಿಗೆ ಮತ್ತೆ ಕೂರಲಾ?

ಡೊಂಬಿವಲಿ ಲೋಕಲ್ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಇಲ್ಲಿ ಮುಂಬಯಿಯ ನಮ್ಮವರು ತುಂಬ ಜನ ಇದ್ದೀರಿ. ಸಿಎ ಮಾಡಿದವರೂ ಇದ್ದೀರಿ ಅಂತ ಗೊತ್ತು. ಮನೆಯಲ್ಲಿ ಕೇಳೋಕೆ ಆಗ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ 26 ವರ್ಷ. ಸಿಎ ಫೈನಲ್ ಎರಡನೇ ಗ್ರೂಪ್ 2024ರ ನವೆಂಬರಿನಲ್ಲಿ ಕೂತ ಮೊದಲ ಸಲಕ್ಕೇ ಆಯ್ತು. ಮೊದಲ ಗ್ರೂಪ್ ಮಾತ್ರ ಆಗುತ್ತಿಲ್ಲ. ಹೊಸ ಸಿಲೆಬಸ್ಸಿನ ಮೊದಲ ಪರೀಕ್ಷೆ 2024ರ ಮೇನಲ್ಲಿ ನಡೆಯಿತಲ್ಲ, ಅಲ್ಲಿಂದ ಈಚೆಗೆ ನಾಲ್ಕು ಸಲ ಕೂತಿದ್ದೇನೆ. ಎಫ್‌ಆರ್ (ಫೈನಾನ್ಶಿಯಲ್ ರಿಪೋರ್ಟಿಂಗ್), ಎಎಫ್‌ಎಂ (ಅಡ್ವಾನ್ಸ್ಡ್ ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್), ಆಡಿಟ್ ಈ ಕ್ರಮದಲ್ಲಿ ನನ್ನ ಮಾರ್ಕು ಹೀಗಿದೆ:

2024 ಮೇ: 31, 46, 41. ಒಟ್ಟು 118.
2024 ನವೆಂಬರ್: 34, 63, 39. ಒಟ್ಟು 136.
2025 ಮೇ: 44, 63, 36. ಒಟ್ಟು 143.
2025 ಸೆಪ್ಟೆಂಬರ್: 41, 63, 42. ಒಟ್ಟು 146.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದೊಂದು ಪೇಪರಿನಲ್ಲೂ 40 ಬರಬೇಕು, ಜೊತೆಗೆ ಗ್ರೂಪಿನ ಒಟ್ಟು 300ರಲ್ಲಿ 150 ಬರಬೇಕು. ಈ ಸಲ ಮೂರರಲ್ಲೂ 40 ದಾಟಿದೆ. ಒಟ್ಟಿನಲ್ಲಿ ನಾಲ್ಕು ಕಡಿಮೆ. ಎಎಫ್‌ಎಂನಲ್ಲಿ 60ರ ಮೇಲೆ ಬಂದಿದ್ದರಿಂದ ಎಕ್ಸೆಂಪ್ಷನ್ ಸಿಕ್ಕಿದೆ, ಅಂದರೆ ಆ ಪೇಪರ್ ಮತ್ತೆ ಬರೆಯಬೇಕಾಗಿಲ್ಲ, ಆ 63 ಹಾಗೇ ಮುಂದಕ್ಕೆ ಬರುತ್ತಿದೆ. ಆದರೆ ಅದು ಮುಂದಿನ ಮೂರು ಪರೀಕ್ಷೆಗೆ ಮಾತ್ರ. ಎರಡು ಮುಗಿಯಿತು. 2026ರ ಜನವರಿಯದು ಕೊನೆಯದು. ಅದೂ ಹೋದರೆ ಆ 63 ಹೀಗೆ ಒಟ್ಟಿಗೆ ಸೇರುವುದಿಲ್ಲ.

ಕೆಲಸಕ್ಕೆ ಹೋಗುತ್ತಿದ್ದೇನೆ. ಬೆಳಿಗ್ಗೆ 7.40ರ ಹೊತ್ತಿನ ಫಾಸ್ಟ್ ಹಿಡಿದು ದಾದರಿನಲ್ಲಿ ಇಳಿದು, ಸೇತುವೆ ಹತ್ತಿ ವೆಸ್ಟರ್ನ್ ಲೈನಿಗೆ ಹೋಗಿ ಲೋವರ್ ಪರೇಲ್. ಲೇಡೀಸ್ ಡಬ್ಬಿಯಲ್ಲಿ ಕೈ ಎತ್ತೋಕೂ ಜಾಗ ಇರುವುದಿಲ್ಲ. ಪುಸ್ತಕ ತೆಗೆಯುವುದು ದೂರದ ಮಾತು. ಮನೆ ಮುಟ್ಟುವಾಗ ರಾತ್ರಿ ಎಂಟೂವರೆ. ಇರುವುದು ಒಂದು ಬೆಡ್‌ರೂಮಿನ ಮನೆ. ತಮ್ಮ ಈ ವರ್ಷ ಹನ್ನೆರಡನೇ ಕ್ಲಾಸು, ಅವನಿಗೂ ಓದಬೇಕು.

ಅಪ್ಪ ಕುರ್ಲಾದಲ್ಲಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾರೆ. ಊರು ಕುಂದಾಪುರದ ಹತ್ತಿರ. ರಿಸಲ್ಟ್ ಬಂದ ದಿನ ಅಪ್ಪ ಮನೆಗೆ ಬರುವಾಗ ಹನ್ನೆರಡೂವರೆ. ಅಮ್ಮ ಫೋನಿನಲ್ಲಿ ಹೇಳಿದ್ದಳು ಅನ್ನಿಸುತ್ತೆ, ಏನೂ ಕೇಳಲಿಲ್ಲ. ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿಕೊಂಡು ಬಂದಿದ್ದರು. ಟ್ರೈನಿನಲ್ಲಿ ತಣ್ಣಗಾಗಿ ಮೆತ್ತಗಾಗಿತ್ತು. ತಟ್ಟೆಗೆ ಹಾಕಿ ನನ್ನ ಮುಂದೆ ಇಟ್ಟರು. ಆಮೇಲೆ ಚಟ್ನಿ ಪೊಟ್ಟಣದ ದಾರ ಬಿಚ್ಚುತ್ತಾ ಕೂತರು. ದಿನಕ್ಕೆ ನೂರು ಪಾರ್ಸಲ್ ನೋಡುವವರು. ಆ ಒಂದು ಗಂಟು ಬಿಚ್ಚೋಕೆ ಅಷ್ಟು ಹೊತ್ತು ತೆಗೆದುಕೊಂಡಿದ್ದು ನನ್ನ ಮುಖ ನೋಡಲು ಆಗದೆ ಅಂತ ನನಗೆ ಗೊತ್ತಾಯ್ತು. ನಾನೂ ತಲೆ ತಗ್ಗಿಸಿ ತಿಂದೆ.

ಊರಿನಿಂದ ಅಮ್ಮನಿಗೆ ಫೋನು ಬರುತ್ತಿದೆ. ಸಂಬಂಧ ಇದೆಯಂತೆ, ಇನ್ನೂ ಎಷ್ಟು ಓದಿಸುತ್ತೀರಿ ಅಂತ. ಆಫೀಸಿನಲ್ಲಿ ನನ್ನ ಜೊತೆ ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಮಾಡಿದ ಇಬ್ಬರು ಪಾಸಾಗಿ ಬೇರೆ ಕಡೆ ಹೋದರು.

ಎಲ್ಲರೂ ಹೇಳುವುದು ಒಂದೇ: ಪ್ರಯತ್ನ ಬಿಡಬೇಡ, ಇವತ್ತಲ್ಲ ನಾಳೆ ಆಗುತ್ತೆ. ನಿಜವಾ? ಪ್ರಯತ್ನ ಬಿಡದೆಯೂ ಆಗದೇ ಹೋದವರು ಇದ್ದಾರಲ್ಲ. ನನ್ನದು ಛಲವಾ, ಸುಮ್ನೆ ಹಟವಾ, ನನಗೇ ತಿಳಿಯುತ್ತಿಲ್ಲ. ಫಾರ್ಮ್ ತುಂಬುವ ಕೊನೆಯ ದಿನ ಹತ್ತಿರ ಬಂದಿದೆ. ದಯವಿಟ್ಟು ಮನಸ್ಸಿನಲ್ಲಿ ಇದ್ದದ್ದು ಹೇಳಿ.

ಥಾಣೆ ಅಣ್ಣ ಬರೆದದ್ದು

ತಂಗಿ, ಬಿಟ್ಟವನ ಮಾತೂ ಕೇಳಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಫೈನಲ್ಲಿಗೆ ಆರು ಸಲ ಕೂತೆ. 2013ರಲ್ಲಿ ಬಿಟ್ಟೆ. ಬಿಟ್ಟ ದಿನ ಪುಸ್ತಕ ಎಲ್ಲ ಗೋಣಿಗೆ ತುಂಬಿ ರದ್ದಿಯವನಿಗೆ ಕೊಟ್ಟೆ. ತೂಕಕ್ಕೆ ಹಾಕುವಾಗ ತಕ್ಕಡಿ ನೋಡೋಕೆ ಆಗಲಿಲ್ಲ.

ಆಮೇಲೆ ನಾಲ್ಕು ವರ್ಷ ಒಂದು ಅಂಗಡಿಯ ಲೆಕ್ಕ ಬರೆದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ನಮ್ಮ ಹೋಟೆಲಿನವರಿಗೆಲ್ಲ ದಿಕ್ಕೇ ತೋಚದ ಹಾಗೆ ಆಗಿತ್ತು. ಎಸಿ ಇದ್ದರೆ 18 ಪರ್ಸೆಂಟ್, ಇಲ್ಲದಿದ್ದರೆ 12. ನವೆಂಬರ್ 15ರಿಂದ ಎರಡೂ ಸೇರಿ 5 ಪರ್ಸೆಂಟ್ ಆಯ್ತು, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಸಾಮಾನು ಕೊಳ್ಳುವಾಗ ಕಟ್ಟಿದ ಟ್ಯಾಕ್ಸು ಕಳೆಯುವ ಹಾಗಿಲ್ಲ. ಬಿಲ್ಲಿನ ಮೆಷಿನ್ ಬದಲಿಸಬೇಕು, ರಿಟರ್ನ್ ಹಾಕಬೇಕು. ನಾನು ಆರು ಸಲ ಓದಿದ ಟ್ಯಾಕ್ಸು ಆಗ ಕೈ ಹಿಡಿಯಿತು. ರಾತ್ರಿ ಎರಡರವರೆಗೆ ಕೂತು ಹೊಸ ಕಾಯಿದೆ ಓದಿದೆ. ಈಗ ಥಾಣೆ, ಭಾಂಡುಪ್ ಕಡೆಯ ಹೋಟೆಲುಗಳ ಜಿಎಸ್‌ಟಿ ಕೆಲಸ ನಾನೇ ನೋಡುತ್ತೇನೆ. ಮನೆ ಮಾಡಿದ್ದೇನೆ, ಇಬ್ಬರು ಮಕ್ಕಳು.

ಹಾಗಾಗಿ ಬಿಟ್ಟರೆ ಬದುಕು ಮುಗಿಯಿತು ಅಂತ ಅಂದುಕೊಳ್ಳಬೇಡ. ಆದರೆ ಒಂದು ಮಾತು. ನಾನು ಯಾಕೆ ಫೇಲಾದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಬೇಜಾರಿನಲ್ಲಿ ಬಿಟ್ಟೆ, ನೋಡಿ ಬಿಡಲಿಲ್ಲ. ಅದು ಈಗಲೂ ಒಳಗೆ ಚುಚ್ಚುತ್ತೆ. ನೀನು ಬಿಡುವುದಾದರೂ ನೋಡಿ ಬಿಡು.

ಅಡ್ಯನಡ್ಕದವ ಬರೆದದ್ದು

ಮಗಳೇ, ನಿನ್ನ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ಕೂಡಲೇ ಬರೆಯಲು ಮನಸ್ಸಾಗಲಿಲ್ಲ, ಬೆಳಿಗ್ಗೆ ಎದ್ದು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ. ಬಿಡುವಾದಾಗ ಓದು.

ಮೊದಲು ನಿನ್ನ ಮಾರ್ಕು. ನೀನು ಪರೀಕ್ಷೆ ಪರೀಕ್ಷೆಯಾಗಿ ಬರೆದಿದ್ದೀಯ. ಒಂದು ಕಾಗದ ತೆಗೆದುಕೊಂಡು ಪೇಪರ್ ಪೇಪರಾಗಿ ಬರೆದು ನೋಡು. ಎಫ್‌ಆರ್: 31, 34, 44, 41. ಕೊನೆಗೆ ಸ್ವಲ್ಪ ಜಾರಿದ್ದರೂ ಹತ್ತು ಮಾರ್ಕು ಏರಿದ್ದೀಯ. ಆಡಿಟ್: 41, 39, 36, 42. ನಾಲ್ಕು ಸಲ ಓದಿ, ಒಂದೂವರೆ ವರ್ಷ ಆದ ಮೇಲೂ ಹೊರಟ ಜಾಗದಲ್ಲೇ ನಿಂತಿದೆ. ಬುದ್ಧಿ ಸಾಲದೆ ಹೀಗಾಗುವುದಿಲ್ಲ. ಬುದ್ಧಿ ಸಾಲದವಳಿಗೆ ಎರಡನೇ ಗ್ರೂಪ್ ಮೊದಲ ಸಲಕ್ಕೆ ಆಗುತ್ತಿರಲಿಲ್ಲ. ಆಡಿಟನ್ನು ನೀನು ನಾಲ್ಕು ಸಲವೂ ಒಂದೇ ಥರ ಓದಿ ಒಂದೇ ಥರ ಬರೆದಿದ್ದೀಯ, ಅಲ್ವಾ?

ಇದನ್ನು ಇಷ್ಟು ಧೈರ್ಯವಾಗಿ ಹೇಳುತ್ತಿರುವುದು ನಾನೂ ಅದನ್ನೇ ಮಾಡಿದ್ದರಿಂದ.

ನಾನು ಮುಂಬಯಿಗೆ ಬಂದದ್ದು 1983ರಲ್ಲಿ. ಹದಿನಾಲ್ಕು ವರ್ಷ, ಏಳನೇ ಕ್ಲಾಸು ಪಾಸು. ಊರಲ್ಲಿ ಮುಂದೆ ಓದಿಸುವವರು ಇರಲಿಲ್ಲ. ಫೋರ್ಟಿನಲ್ಲಿ ಒಂದು ಸಣ್ಣ ಹೋಟೆಲು. ಮೊದಲ ಎರಡು ವರ್ಷ ಟೇಬಲ್ ಒರೆಸಿದೆ, ಲೋಟ ತೊಳೆದೆ. ಆಗ ಫೋರ್ಟಿನಲ್ಲಿ ನಮ್ಮ ಕನ್ನಡದವರ ರಾತ್ರಿ ಶಾಲೆಗಳು ಇದ್ದವು. ಮೊಗವೀರರು, ಬಿಲ್ಲವರು, ನಮ್ಮ ಹಾಗೆ ಹೋಟೆಲಿಗೆ, ಕ್ಯಾಂಟೀನಿಗೆ ಬಂದ ಹುಡುಗರಿಗಾಗಿಯೇ ಕಟ್ಟಿದ ಶಾಲೆಗಳು. ಸಂಜೆ ಹೋಟೆಲಿನಲ್ಲಿ ಗಿರಾಕಿ ಜಾಸ್ತಿ ಇರುವ ಹೊತ್ತಿಗೇ ಕ್ಲಾಸು. ಧನಿ, ಅಂದರೆ ಹೋಟೆಲಿನ ಯಜಮಾನರು, ಹೋಗಲು ಬಿಟ್ಟರು. ಆ ಉಪಕಾರ ನಾನು ಮರೆತಿಲ್ಲ. ಮೂರು ಗಂಟೆ ಶಾಲೆ, ವಾಪಸ್ ಬಂದು ಹೋಟೆಲ್ ತೊಳೆದು, ಟೇಬಲ್ ಜೋಡಿಸಿ ಅದರ ಮೇಲೇ ಮಲಗುವುದು.

1987ರಲ್ಲಿ ಎಸ್‌ಎಸ್‌ಸಿ. ಆಮೇಲೆ ಸಿದ್ಧಾರ್ಥ ಕಾಲೇಜು. ಅದು ಬಾಬಾಸಾಹೇಬ್ ಅಂಬೇಡ್ಕರ್ 1945ರಲ್ಲಿ ಶುರು ಮಾಡಿದ ಪೀಪಲ್ಸ್ ಎಜುಕೇಶನ್ ಸೊಸೈಟಿಯ ಕಾಲೇಜು. ಬೆಳಿಗ್ಗೆ ಬೇಗ ಕ್ಲಾಸು ಮುಗಿಯುತ್ತಿತ್ತು, ದುಡಿಯುವ ಹುಡುಗರು ಓದಿ ಕೆಲಸಕ್ಕೆ ಹೋಗಲಿ ಅಂತ. ಆ ಬೆಳಗಿನ ಕ್ಲಾಸು ಇಲ್ಲದಿದ್ದರೆ ನಾನು ಬಿಕಾಂ ಆಗುತ್ತಿರಲಿಲ್ಲ, ಇದು ಖಂಡಿತ. ಆಮೇಲೆ ಮೂರು ವರ್ಷ ಆರ್ಟಿಕಲ್‌ಶಿಪ್. ಹಗಲು ಆಫೀಸು, ರಾತ್ರಿ ಅದೇ ಹೋಟೆಲಿನ ಗಲ್ಲೆ. ಫೈನಲ್ಲಿಗಿಂತ ಮೊದಲಿನ ಇಂಟರ್ ಪರೀಕ್ಷೆ ಮೂರನೇ ಸಲಕ್ಕೆ ಆಯ್ತು.

ಫೈನಲ್ಲಿಗೆ ಮೊದಲು ಕೂತದ್ದು 1996ರ ನವೆಂಬರಿನಲ್ಲಿ. ಫೇಲ್. 1997 ಮೇ, ಫೇಲ್. ಹೀಗೇ 1998ರ ನವೆಂಬರಿನವರೆಗೆ ಐದು ಸಲ. ಒಂದೊಂದು ಸಲ ಫೇಲಾದಾಗಲೂ ನಾನು ಮಾಡಿದ್ದು ಇಷ್ಟೇ: ಇನ್ನೂ ಒಂದು ಗಂಟೆ ಬೇಗ ಏಳುವುದು. ಐದಕ್ಕೆ ಏಳುತ್ತಿದ್ದವನು ನಾಲ್ಕಕ್ಕೆ, ಆಮೇಲೆ ಮೂರೂವರೆಗೆ. ಓದುತ್ತಿದ್ದದ್ದು ಅದೇ ನೋಟ್ಸು. ಮೂಲೆಗಳು ಮಡಚಿ ಮಡಚಿ ಹರಿದು, ಗೋಂದು ಹಾಕಿ ಅಂಟಿಸಿದ್ದೆ. ಕಣ್ಣು ಮುಚ್ಚಿದರೆ ಯಾವ ಪುಟದಲ್ಲಿ ಏನಿದೆ ಅಂತ ಕಾಣುತ್ತಿತ್ತು. ಇಷ್ಟು ಕಷ್ಟಪಟ್ಟವನಿಗೆ ದೇವರು ಯಾವತ್ತಾದರೂ ಕೊಡುತ್ತಾನೆ ಅಂತ ನಂಬಿದ್ದೆ.

ಐದನೇ ಸಲ ಹೋದಾಗ ನಮ್ಮ ಆಫೀಸಿನ ಸರ್ ಒಂದು ಭಾನುವಾರ ಬರಲು ಹೇಳಿದರು. ಹಳೆಯ ಪ್ರಶ್ನೆ ಪತ್ರಿಕೆ ಒಂದು, ಗೆರೆ ಹಾಕದ ಬಿಳಿ ಕಾಗದ ಒಂದು ಕಟ್ಟು. ಮೇಜಿನ ಮೇಲೆ ಅಲಾರಂ ಗಡಿಯಾರ ಇಟ್ಟರು. "ಮೂರು ಗಂಟೆ. ನಾನು ಒಳಗೆ ಇರುತ್ತೇನೆ" ಅಂದರು.

ಬರೆಯೋಕೆ ಶುರು ಮಾಡಿದೆ. ಮೊದಲ ಲೆಕ್ಕ ನನಗೆ ಚೆನ್ನಾಗಿ ಬರುವಂಥದ್ದು. ಸ್ಕೇಲ್ ಇಟ್ಟು ಅಂದವಾಗಿ ಗೆರೆ ಎಳೆದೆ. ಎರಡು ರೂಪಾಯಿ ಟ್ಯಾಲಿ ಆಗಲಿಲ್ಲ ಅಂತ ಮೇಲಿಂದ ಕೆಳಗೆ ಮೂರು ಸಲ ಕೂಡಿಸಿದೆ. ತಲೆ ಎತ್ತಿದಾಗ ಐವತ್ತೈದು ನಿಮಿಷ ಆಗಿತ್ತು. 20 ಮಾರ್ಕಿನ ಪ್ರಶ್ನೆಗೆ ಐವತ್ತೈದು ನಿಮಿಷ! ಎರಡು ಗಂಟೆ ಆಗುವಾಗ ಕಿರುಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ನೋವು. ಬೆವರಿಗೆ ಶಾಯಿ ಅಂಟಿ ಅಂಗೈಯ ಅಂಚು ನೀಲಿ ಆಗಿತ್ತು. ಅಲಾರಂ ಹೊಡೆದಾಗ ನಾನು ಮುಟ್ಟಿದ್ದು ಬರೀ 64 ಮಾರ್ಕಿನ ಪ್ರಶ್ನೆ. ಉಳಿದ 36ಕ್ಕೆ ಒಂದು ಅಕ್ಷರ ಇಲ್ಲ. ಆ 36ರಲ್ಲಿ ನನಗೆ ಬಾರದ್ದು ಒಂದೂ ಇರಲಿಲ್ಲ.

ಸರ್ ಬಂದು ಕಾಗದ ಎಣಿಸಿ ನೋಡಿದರು. ಬೈಯಲಿಲ್ಲ. "ನೀನು ಇದುವರೆಗೆ ಮನೆಯಲ್ಲಿ ಎಷ್ಟು ಸಲ ಪೂರ್ತಿ ಪೇಪರ್ ಬರೆದಿದ್ದೀಯ?" ಅಂತ ಕೇಳಿದರು. ಒಂದು ಸಲವೂ ಇಲ್ಲ. ಬರೆಯಲು ನನಗೆ ಮೇಜೇ ಇರಲಿಲ್ಲ ಮಗಳೇ. ಗಲ್ಲೆಯ ಹಿಂದೆ ನಿಂತು ಓದುತ್ತಿದ್ದೆ, ಮಾಳಿಗೆಯಲ್ಲಿ ಮಲಗಿ ಓದುತ್ತಿದ್ದೆ. ಓದಿದ್ದು ಸಾವಿರ ಗಂಟೆ, ಬರೆದದ್ದು ಸೊನ್ನೆ. ನನಗೆ ಸಾಲದೆ ಬಂದದ್ದು ಆ ಮೂರು ಗಂಟೆ. ಅದಕ್ಕೆ ನಾಲ್ಕಕ್ಕೆ ಎದ್ದರೂ ಒಂದೇ, ಮೂರೂವರೆಗೆ ಎದ್ದರೂ ಒಂದೇ.

ಅಲ್ಲಿಂದ ಪ್ರತಿ ಭಾನುವಾರ ಅವರ ಆಫೀಸಿನಲ್ಲಿ ಒಂದು ಪೇಪರ್. ಕಾರಣ ಗೊತ್ತಾದ ಕೂಡಲೇ ಪಾಸಾದೆ ಅಂತ ಅಂದುಕೊಳ್ಳಬೇಡ. 1999ರ ಮೇನಲ್ಲಿ ಒಂಬತ್ತು ಮಾರ್ಕಿಗೆ ಮತ್ತೆ ಹೋಯ್ತು. ಆದರೆ ಆ ಸಲ ಅಳು ಬರಲಿಲ್ಲ. ಎಲ್ಲ ಪೇಪರೂ ಪೂರ್ತಿ ಬರೆದಿದ್ದೆ, ಇನ್ನು ಆಗುತ್ತೆ ಅಂತ ನನಗೇ ಗೊತ್ತಿತ್ತು. ನವೆಂಬರಿನಲ್ಲಿ ಕೂತೆ. 2000ದ ಜನವರಿಯಲ್ಲಿ ಸಿಎ ಪರೀಕ್ಷೆ ನಡೆಸುವ ಇನ್‌ಸ್ಟಿಟ್ಯೂಟಿನ ಕಫ್ ಪರೇಡಿನ ಆಫೀಸಿಗೆ ರಿಸಲ್ಟ್ ನೋಡಲು ಹೋದಾಗ ಬೋರ್ಡಿನ ಮುಂದೆ ಜನ ಮುತ್ತಿಕೊಂಡಿದ್ದರು. ಹಿಂದೆ ನಿಂತವನಿಗೆ ಕಾಣಲಿಲ್ಲ. ಗುರುತಿಲ್ಲದ ಹುಡುಗ ಒಬ್ಬ ನನ್ನ ನಂಬರ್ ಕೇಳಿ, ಒಳಗೆ ನುಗ್ಗಿ ನೋಡಿ, ಅಲ್ಲಿಂದಲೇ ಕೈ ಎತ್ತಿದ. ಹೋಟೆಲಿಗೆ ಬಂದು ಧನಿಯ ಕಾಲು ಮುಟ್ಟಿದೆ. ಅವತ್ತು ರಾತ್ರಿಯೂ ಗಲ್ಲೆಯಲ್ಲಿ ಕೂತೆ.

ನಮ್ಮ ಊರ ಕಡೆಯ ಒಬ್ಬರ ವಿಷಯ ಹೇಳಬೇಕು. ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು. 2022ರಲ್ಲಿ ಪದ್ಮಶ್ರೀ ಬಂತು, ನೀನೂ ಕೇಳಿರಬಹುದು. ಅಡಿಕೆ ಮರ ಹತ್ತುವ ಕೂಲಿ ಮಾಡುತ್ತಿದ್ದವರು. ಗುಡ್ಡದ ಇಳಿಜಾರಿನಲ್ಲಿ ಒಂದಿಷ್ಟು ಬೋಳು ಜಾಗ ಸಿಕ್ಕಿತು, ನೀರಿಲ್ಲ. ನಮ್ಮ ಕಡೆ ಸುರಂಗ ಅಂತ ತೋಡುತ್ತಾರೆ. ಬಾವಿಯ ಹಾಗೆ ಕೆಳಕ್ಕಲ್ಲ, ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ. ಒಬ್ಬ ಬಗ್ಗಿ ಕೂತು ಪಿಕ್ಕಾಸಿನಿಂದ ಕಡಿಯುವಷ್ಟೇ ಅಗಲ. ಒಳಗೆ ಒಸರು ಸಿಕ್ಕಿದರೆ ನೀರು ತಾನಾಗಿ ಹರಿದು ಬರುತ್ತೆ, ಪಂಪು ಬೇಡ. ನಾಯ್ಕರು ಹಗಲು ಕೂಲಿ ಮುಗಿಸಿ, ಆಮೇಲೆ ದೀಪ ಇಟ್ಟುಕೊಂಡು ಒಬ್ಬರೇ ತೋಡಿದರು. ಐದು ಸುರಂಗ ತೋಡಿದರೂ ನೀರಿಲ್ಲ. ವರ್ಷಗಳ ಕೆಲಸ. ಜನ ಹುಚ್ಚು ಅಂದರು. ಆರನೆಯದರಲ್ಲಿ ನೀರು ಬಂತು.

ಇದನ್ನು ಎಲ್ಲರೂ 'ನೋಡಿ ಎಂಥಾ ಛಲ' ಅಂತ ಹೇಳುತ್ತಾರೆ. ಹೌದು, ಛಲವೇ. ಆದರೆ ಅವರು ಮೊದಲನೇ ಸುರಂಗವನ್ನೇ ಇನ್ನೂ ಉದ್ದ, ಇನ್ನೂ ಉದ್ದ ಅಂತ ತೋಡುತ್ತಾ ಇರಲಿಲ್ಲ. ಒಣಗಿದ್ದನ್ನು ಅಲ್ಲಿಗೆ ಬಿಟ್ಟು ಬೇರೆ ಜಾಗ ಹಿಡಿದರು. ಬಿಡದೆ ಇದ್ದದ್ದು ಗುಡ್ಡವನ್ನು. ನಾನು ಐದು ಸಲ ಒಂದೇ ಸುರಂಗ ತೋಡಿದವನು. ಹಟ, ಛಲ ಅಂತ ನೀನು ಕೇಳಿದೆಯಲ್ಲ, ನನಗೆ ಗೊತ್ತಿರುವ ವ್ಯತ್ಯಾಸ ಇದು.

ಈಗ ಕೆಲಸದ ಮಾತು. ನಮ್ಮ ಕಾಲದಲ್ಲಿ ಪೋಸ್ಟಿನಲ್ಲಿ ಬರುತ್ತಿದ್ದದ್ದು ಮಾರ್ಕಿನ ಚೀಟಿ ಮಾತ್ರ. ಎಲ್ಲಿ ಹೋಯ್ತು ಅಂತ ತಿಳಿಯುವ ದಾರಿ ಇರಲಿಲ್ಲ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಪರೀಕ್ಷೆ ಬರೆದವರಿಗೆ ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕು ಇದೆ ಅಂತ. ಈಗ ಇನ್‌ಸ್ಟಿಟ್ಯೂಟಿನಿಂದ ನಿನ್ನ ಉತ್ತರ ಪುಸ್ತಿಕೆಯ ಪ್ರತಿ ತರಿಸಿಕೊಳ್ಳಬಹುದು. ರಿಸಲ್ಟ್ ಬಂದು ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು. ನಾಲ್ಕು ಸಲದಲ್ಲಿ ಒಮ್ಮೆಯಾದರೂ ತರಿಸಿದ್ದೀಯಾ? ತರಿಸಿಲ್ಲ ಅಂದುಕೊಂಡೇ ಹೇಳುತ್ತೇನೆ, ಇವತ್ತೇ ಎಫ್‌ಆರ್, ಆಡಿಟ್ ಎರಡಕ್ಕೂ ಹಾಕು. ಅದನ್ನು ತೆರೆಯುವುದು ಸುಲಭ ಅಲ್ಲ. ಅಮ್ಮನನ್ನೋ ತಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ತೆರೆ. ಇನ್‌ಸ್ಟಿಟ್ಯೂಟೇ ಹಾಕುವ ಮಾದರಿ ಉತ್ತರ ಪಕ್ಕದಲ್ಲಿ ಇಟ್ಟುಕೊಂಡು ಸಾಲು ಸಾಲಾಗಿ ನೋಡು.

ಫಾರ್ಮ್ ತುಂಬು. 63 ಕೈಯಲ್ಲಿ ಇರುವಾಗ ಎರಡು ಪೇಪರಿನಲ್ಲಿ ಸೇರಿ 87 ಬೇಕು. ಅದನ್ನು ಬಿಟ್ಟು ಬರಬಾರದು. ಜನವರಿ ಆದ ಮೇಲೆ ಏನು ಅಂತ ಈಗ ಹೇಳಲಾರೆ. ಉತ್ತರ ಪತ್ರಿಕೆ ನೋಡಿಯೂ ತಪ್ಪು ಎಲ್ಲಿದೆ ಅಂತ ತೋರದಿದ್ದರೆ, ತೋರಿದರೂ ತಿದ್ದಿಕೊಳ್ಳಲು ಮನಸ್ಸು ಏಳದಿದ್ದರೆ, ಆಗ ಥಾಣೆಯವರು ಹೇಳಿದ ಹಾಗೆ ನೋಡಿ ಬಿಡು. ಅವರ ಮಾತು ನನಗೆ ತುಂಬ ಹಿಡಿಸಿತು. ಅವರು ಜಿಎಸ್‌ಟಿಯಲ್ಲಿ ಮಾಡಿದ್ದೂ ಹೊಸ ಸುರಂಗವೇ.

ಪುಣೆ ಕೊಥ್ರುಡ್ ಬರೆದದ್ದು

ನಾನು ಎರಡು ವರ್ಷದ ಹಿಂದೆ ಪಾಸಾದೆ. ನನಗೂ ಆಡಿಟ್ ಕೈ ಕೊಡುತ್ತಿತ್ತು, ಅದಕ್ಕೆ ಅಷ್ಟರ ಬಗ್ಗೆ ಮಾತ್ರ ಹೇಳುತ್ತೇನೆ. ಆಡಿಟಿನಲ್ಲಿ ನಾವು ತಿಳಿದದ್ದನ್ನೆಲ್ಲ ಬರೆಯುತ್ತೇವೆ. ಅವರಿಗೆ ಬೇಕಾದ್ದು ಮೂರು: ಇಲ್ಲಿ ಯಾವ ಎಸ್‌ಎ (ಸ್ಟ್ಯಾಂಡರ್ಡ್ ಆನ್ ಆಡಿಟಿಂಗ್, ಆಡಿಟಿನ ನಿಯಮ) ಬರುತ್ತೆ, ಅದು ಏನು ಹೇಳುತ್ತೆ, ಈ ಕಂಪನಿಗೆ ಅದು ಹೇಗೆ ಅನ್ವಯಿಸುತ್ತೆ. ಕೊನೆಗೆ ತೀರ್ಮಾನದ ಒಂದು ಸಾಲು. ಆ ಸಾಲು ಬಿಟ್ಟರೆ ಮಾರ್ಕು ಹೋಯ್ತು. ನಾನು ಎಸ್‌ಎ ನಂಬರುಗಳನ್ನು ಅಡುಗೆಮನೆಯ ಡಬ್ಬಿಗಳ ಮೇಲೆ ಅಂಟಿಸಿದ್ದೆ. ಅಕ್ಕಿ ಡಬ್ಬಿಗೆ 570, ಬೇಳೆಗೆ 705. ಅಕ್ಕಿ ತೆಗೆಯುವಾಗೆಲ್ಲ ಬಾಯಲ್ಲಿ ಹೇಳುತ್ತಿದ್ದೆ. ಟ್ರೈನಿನಲ್ಲಿ ಪುಸ್ತಕ ತೆಗೆಯಲು ಆಗದಿದ್ದರೆ ಕಿವಿಗೆ ಹಾಕಿಕೊಳ್ಳಿ. ನಿಮ್ಮದೇ ದನಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೇರೆಯವರ ವಿಡಿಯೋಗಿಂತ ಅದು ಜಾಸ್ತಿ ನೆನಪಿರುತ್ತೆ.

ಡೊಂಬಿವಲಿಯಲ್ಲಿ ಅಭ್ಯಾಸಿಕಾ, ಅಂದರೆ ಕೂತು ಓದುವ ಕೋಣೆಗಳು, ತುಂಬ ಇವೆ. ರಾತ್ರಿ ಊಟ ಆದ ಮೇಲೆ ಎರಡು ಗಂಟೆ ಅಲ್ಲಿ ಕೂತು ಬರುವುದು ನೋಡಿ. ತಮ್ಮನನ್ನೂ ಕರೆದುಕೊಂಡು ಹೋಗಿ.

ಡೊಂಬಿವಲಿ ಲೋಕಲ್ ಬರೆದದ್ದು, ಹದಿನೈದು ದಿನ ಕಳೆದು

ಮಾಮ, ಅಣ್ಣ, ಅಕ್ಕ, ಎಲ್ಲರಿಗೂ ಉತ್ತರ ಕೊಡಲು ತಡವಾಯ್ತು. ಪ್ರತಿ ಬರಲಿ ಅಂತ ಕಾಯುತ್ತಿದ್ದೆ.

ಫಾರ್ಮ್ ತುಂಬಿದೆ. ಎರಡೂ ಪುಸ್ತಿಕೆಯ ಪ್ರತಿ ಬಂತು. ಶನಿವಾರ ರಾತ್ರಿ ಅಪ್ಪ ಬರುವವರೆಗೆ ಕಾದು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆದೆ. ಅವರಿಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ, ಆದರೆ ಲೆಕ್ಕ ಚೆನ್ನಾಗಿ ಬರುತ್ತೆ.

ಮೊದಲು ಎಫ್‌ಆರ್. ಬರೆಯುವ ಭಾಗದ 70ಕ್ಕೆ 21 ಬಂದಿದೆ. ಅಂದರೆ ಎಂಸಿಕ್ಯೂನಲ್ಲಿ (ಸರಿ ಉತ್ತರ ಆರಿಸುವ ಪ್ರಶ್ನೆಗಳಲ್ಲಿ) 30ಕ್ಕೆ 20. ಐದು ಪ್ರಶ್ನೆ ಬರೆಯಬೇಕು, ಒಂದೊಂದಕ್ಕೆ 14. ಐದನೆಯದಕ್ಕೆ ನಾನು ನಂಬರ್ ಹಾಕಿ ಎರಡು ಸಾಲು ಬರೆದಿದ್ದೇನೆ. ಅದರ ಕೆಳಗೆ ಪುಟ ಪೂರ್ತಿ ಖಾಲಿ. ಆ ಖಾಲಿ ಪುಟ ನನಗೆ ನೆನಪೇ ಇರಲಿಲ್ಲ ಮಾಮ. ಪೇಪರ್ ಪೂರ್ತಿ ಬರೆದೆ ಅಂತಲೇ ಇಷ್ಟು ದಿನ ನಂಬಿದ್ದೆ.

ಆಡಿಟಿನಲ್ಲಿ ಎಂಸಿಕ್ಯೂ 22, ಬರೆದದ್ದರಲ್ಲಿ 70ಕ್ಕೆ 20. ಇಲ್ಲಿ ಖಾಲಿ ಏನೂ ಇಲ್ಲ, ತುಂಬ ಬರೆದಿದ್ದೇನೆ. ಸಾಲ ತೀರಿಸಲಾಗದ ಕಂಪನಿ ಮುಂದೆ ನಡೆಯುತ್ತೋ ಇಲ್ಲವೋ ಅನ್ನುವಂಥ ಒಂದು ಪ್ರಶ್ನೆ. ಒಂದೂವರೆ ಪುಟ ಬರೆದಿದ್ದೇನೆ. ಆಡಿಟರ್ ಎಚ್ಚರ ವಹಿಸಬೇಕು, ಮ್ಯಾನೇಜ್‌ಮೆಂಟಿನ ಜೊತೆ ಮಾತಾಡಬೇಕು, ದಾಖಲೆ ನೋಡಬೇಕು. 570 ಅನ್ನುವ ನಂಬರ್ ಎಲ್ಲೂ ಇಲ್ಲ. ಕೊನೆಗೆ ತೀರ್ಮಾನವೂ ಇಲ್ಲ. ಕೊಥ್ರುಡ್ ಅಕ್ಕ, ನೀವು ಹೇಳಿದ ಮೂರರಲ್ಲಿ ಒಂದೂ ಇಲ್ಲ. ಹಳೆಯ ನೋಟ್ಸು ತೆಗೆದು ನೋಡಿದೆ. ಮೊದಲ ಸಲ ಬರೆದ ಪ್ರಾಕ್ಟೀಸ್ ಉತ್ತರವೂ ಹೀಗೇ ಇದೆ, ಸಾಲು ಕೂಡ ಹೆಚ್ಚುಕಡಿಮೆ ಅದೇ.

ಅಪ್ಪ ಅಷ್ಟು ಹೊತ್ತು ಸುಮ್ನಿದ್ದರು. ಆಮೇಲೆ ಆ ಖಾಲಿ ಪುಟದ ಮೇಲೆ ಬೆರಳಿಟ್ಟು, "ಇದಕ್ಕೆ ಎಷ್ಟು ಮಾರ್ಕು?" ಅಂದರು. 14 ಅಂದೆ. "ನಿನಗೆ ಕಡಿಮೆ ಬಿದ್ದದ್ದು?" ಅಂದರು. ನಾಲ್ಕು ಅಂದೆ. ಅಪ್ಪ ನನ್ನ ಮುಖ ನೋಡಿದರು. ರಿಸಲ್ಟ್ ಬಂದ ಮೇಲೆ ಅವರು ನನ್ನನ್ನು ನೇರವಾಗಿ ನೋಡಿದ್ದು ಆವತ್ತೇ. "ಹಾಗಾದರೆ ನಿನಗೆ ಬರಲಿಲ್ಲ ಅಂತ ಅಲ್ಲ, ಮುಟ್ಟಲಿಲ್ಲ ಅಂತ" ಅಂದರು.

ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಊರಿಗೆ ಫೋನು ಮಾಡಿ ಜನವರಿ ಕಳೆಯಲಿ ಅಂತ ಅಮ್ಮ ಹೇಳಿದ್ದಾಳೆ. ಆಫೀಸಿನಲ್ಲಿ ಡಿಸೆಂಬರ್ 15ರಿಂದ ರಜೆ ಕೇಳಿದ್ದೇನೆ, ಇನ್ನೂ ಹೂಂ ಅಂದಿಲ್ಲ. ಸ್ಟೇಷನ್ ಹತ್ತಿರ ಒಂದು ಅಭ್ಯಾಸಿಕಾದಲ್ಲಿ ಜಾಗ ಸಿಕ್ಕಿದೆ, ತಮ್ಮನಿಗೂ.

ಒಂದು ತೊಂದರೆ ಇದೆ. ಅಭ್ಯಾಸಿಕಾದಲ್ಲಿ ಓದಬಹುದು. ಆದರೆ ಒಬ್ಬಳೇ ಕೂತು ಮೂರು ಗಂಟೆಯ ಪೇಪರ್ ಬರೆಯುವಾಗ ನಾನೇ ಗಡಿಯಾರ ನಿಲ್ಲಿಸುತ್ತೇನೆ. ಐದು ನಿಮಿಷ ಜಾಸ್ತಿ ತೆಗೆದುಕೊಳ್ಳುತ್ತೇನೆ, ಆಮೇಲೆ ಹತ್ತು. ಯಾರಾದರೂ ಎದುರಿಗೆ ಇರಬೇಕು ಅನ್ನಿಸುತ್ತೆ. ಏನು ಮಾಡಲಿ?

ಅಡ್ಯನಡ್ಕದವ ಬರೆದದ್ದು

ನನ್ನ ಆಫೀಸು ಘಾಟ್ಕೋಪರ್ ಈಸ್ಟಿನಲ್ಲಿ, ಸ್ಟೇಷನ್ನಿಂದ ನಡೆದು ಬರುವಷ್ಟು ದೂರ. ಭಾನುವಾರ ನನ್ನ ಆರ್ಟಿಕಲ್ ಹುಡುಗರು ಮೂವರು ಪೇಪರ್ ಬರೆಯಲು ಬರುತ್ತಾರೆ, ಅದರಲ್ಲಿ ಇಬ್ಬರು ಹುಡುಗಿಯರು. ನನ್ನ ಹೆಂಡತಿಯೂ ಇರುತ್ತಾಳೆ. ಪರೀಕ್ಷೆಯ ಹೊತ್ತಿಗೇ ಇಟ್ಟಿದ್ದೇನೆ, ಮಧ್ಯಾಹ್ನ ಎರಡರಿಂದ ಐದು. ಮೊದಲ ದಿನ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಬಾ, ಅವರೂ ನೋಡಲಿ. ವಿಳಾಸ ಬೇರೆಯಾಗಿ ಕಳಿಸುತ್ತೇನೆ.

ಮೊದಲು ಎಫ್‌ಆರ್ ಬರಿ. ಒಂದು ಪ್ರಶ್ನೆಗೆ ಇಪ್ಪತ್ತೈದು ನಿಮಿಷ. ಟ್ಯಾಲಿ ಆಗದಿದ್ದರೂ ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗಬೇಕು. ಇದನ್ನು ಕೈಗೆ ಕಲಿಸಬೇಕು, ತಲೆಗೆ ಹೇಳಿದರೆ ಸಾಲದು. ಎರಡು ಪೆನ್ನು ತಾ, ಒಂದೇ ಕಂಪನಿಯದು. ಗಡಿಯಾರ ನನ್ನ ಕಡೆಯಿಂದ.